ಅಪ್ಪನ ಪೋಂ ಪೋಂ

ಮೊನ್ನೆ ಬಾಂದ್ರಾದ ಹೋಟೆಲೊಂದರಲ್ಲಿ ಅಲಂಕಾರಕ್ಕೆಂದು ಹಳೇ ಲಾರಿ ಹಾರ್ನ್ ತೂಗುಹಾಕಿದ್ದರು. ಮೊಮ್ಮಗಳು ಅದರ ರಬ್ಬರ್ ಬುರುಡೆ ಹಿಚುಕಿದಳು: ಪೋಂ ಪೋಂ.

ನನ್ನಪ್ಪ ಲಾರಿ ಡ್ರೈವರ್. ಪುಣೆಯಿಂದ ಘಾಟಿ ಇಳಿದು ಸರಕು ತರುವಾಗ, ಕುರ್ಲಾದ ನಮ್ಮ ಚಾಳಿನ ವಠಾರದ ಮುಂದೆ ಎರಡು ಸಲ ಹಾರ್ನ್ ಹೊಡೆದು ಗೋದಾಮಿಗೆ ಹೋಗುತ್ತಿದ್ದರು. ಅಮ್ಮ ಕೂಡಲೇ ಕುಚ್ಚಲಕ್ಕಿ ತೊಳೆದು ಒಲೆಗಿಡುತ್ತಿದ್ದಳು. ಸರಕು ಇಳಿಸಿ, ಡೀಸೆಲ್ ವಾಸನೆಯ ಖಾಕಿ ಅಂಗಿಯಲ್ಲಿ ಅಪ್ಪ ನಡೆದು ಬರುವಷ್ಟರಲ್ಲಿ ಅನ್ನ ಬೆಂದಿರುತ್ತಿತ್ತು. ಹಾರ್ನ್ ಕೇಳದೆ ಅವಳು ಅಕ್ಕಿ ಹಾಕಿದವಳೇ ಅಲ್ಲ.

ಒಂದು ದಿನ ಮಧ್ಯಾಹ್ನ ಕಳೆದರೂ ಹಾರ್ನ್ ಕೇಳಲಿಲ್ಲ. ಅಮ್ಮ ಅಕ್ಕಿಯ ಪಾತ್ರೆ ಮಡಿಲಲ್ಲಿಟ್ಟುಕೊಂಡು ಹೊಸ್ತಿಲಲ್ಲೇ ಕುಳಿತಳು. ನೆರೆಯವರು ಬಂದು ಕುಳಿತರು. ಘಾಟಿಯ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅಪ್ಪ ಬಂದು ನಿಂತರು. ಕೈಯಲ್ಲಿ ಹರಿದ ರಬ್ಬರ್ ಬುರುಡೆ. ಅಮ್ಮನ ಮುಖ ನೋಡಿ ಬಾಯಲ್ಲೇ ಮೆಲ್ಲಗೆ, "ಪೋಂ ಪೋಂ" ಎಂದರು. "ಘಾಟಿಯಲ್ಲಿ ಇಂಜಿನ್ ಕೆಟ್ಟಿತು ಮಾರಾಯ್ತಿ, ಹಾರ್ನೂ ಹೋಯ್ತು."

"ಇನ್ನು ಅಕ್ಕಿ ಬೇಯೋದು ಯಾವಾಗ ಮಾರಾಯ್ರೆ?" ಎಂದು ಗದರುತ್ತಲೇ ಅಮ್ಮ ಅತ್ತುಬಿಟ್ಟಳು.

ಹೋಟೆಲಿನಲ್ಲಿ ಆ ಹಾರ್ನ್ ಸದ್ದಿಗೆ ನಾನು ಎದ್ದು ನಿಂತಿದ್ದೆ. "ಅಜ್ಜಿ, ಕಿಧರ್?" ಎಂದಳು ಮೊಮ್ಮಗಳು. "ಅಕ್ಕಿ ತೊಳೆಯಲು" ಎನ್ನಲಾಗದೆ ಮತ್ತೆ ಕುಳಿತೆ.