ಕಾವಲಿಯ ಮೇಲಿನ ವರ್ತಮಾನಕಾಲ

“ಮೇಡಂ, ನಾನು ಬರೀತಿದ್ದಾಗ ಬೇಳೆ ಇನ್ನೂ ಬೇಯ್ತಾ ಇತ್ತು. ಬೆಂದಾಯ್ತು ಅಂತ ಸುಳ್ಳು ಬರೀಲಾ?” ಎಂದು ಸರೋಜಮ್ಮ ಕೇಳಿದಾಗ ನನ್ನ ಕೆಂಪು ಪೆನ್ನು ಅಲ್ಲೇ ನಿಂತಿತು.

ಜಯನಗರದ ನಮ್ಮ ಮನೆಯಲ್ಲಿ ಗೃಹಿಣಿಯರಿಗೆ ನಾನು ಇಂಗ್ಲಿಷ್ ಬರವಣಿಗೆ ಹೇಳಿಕೊಡುತ್ತೇನೆ. ಅಂದು ಸಂಜೆ ಪ್ರತಿಯೊಬ್ಬರೂ ತಮ್ಮ ಬರಹವನ್ನು ಎಲ್ಲರ ಮುಂದೆ ಓದಬೇಕಿತ್ತು. ಹನುಮಂತನಗರದಿಂದ ಬರುವ ಸರೋಜಮ್ಮನಿಗೆ ನಾಲ್ಕು ಜನರೆದುರು ಇಂಗ್ಲಿಷ್ ಓದುವುದು ಅದೇ ಮೊದಲು. ನಗುತ್ತಾರೇನೋ ಎಂಬ ಹೆದರಿಕೆ.

ಅವರು ಒಬ್ಬಟ್ಟು ಮಾಡುತ್ತಲೇ, ಕೈ ಬಿಡುವಾದಾಗಲೆಲ್ಲ ಒಂದೊಂದು ಸಾಲು ಬರೆದಿದ್ದರು. ಹಾಗಾಗಿ ಕಣಕ ಭೂತಕಾಲದಲ್ಲಿತ್ತು, ಬೇಳೆ ವರ್ತಮಾನದಲ್ಲಿ, ತುಪ್ಪ ಭವಿಷ್ಯದಲ್ಲಿ. ಕೇಳುವವರು ದಾರಿ ತಪ್ಪುತ್ತಾರೆ, ಎಲ್ಲವನ್ನೂ ಒಂದೇ ಕಾಲಕ್ಕೆ ತನ್ನಿ ಎಂದೆ. ನನ್ನ ಮನಸ್ಸಿನಲ್ಲಿದ್ದದ್ದು ಭೂತಕಾಲ. ಅವರು ಪಟ್ಟಾಗಿ ಕುಳಿತು ಅಷ್ಟನ್ನೂ ವರ್ತಮಾನಕ್ಕೆ ತಂದರು.

ಸಂಜೆ ಅವರು ಕಾಗದವನ್ನು ಮುಖಕ್ಕೆ ಅಡ್ಡ ಹಿಡಿದು ಓದತೊಡಗಿದರು. ಓದುತ್ತ ಓದುತ್ತ ಕಣಕ ನಾದಿ, ಹೂರಣ ರುಬ್ಬಿ, ಮೊದಲ ಒಬ್ಬಟ್ಟನ್ನು ಕಾವಲಿಗೆ ಹಾಕಿದರು. ಅಂಚು ಕಪ್ಪಾಗುತ್ತಿದೆ ಎಂದು ಇಂಗ್ಲಿಷಿನಲ್ಲಿ ಓದಿದ್ದೇ ತಡ, ಕೂತವರಲ್ಲಿ ಒಬ್ಬರು ಕೂಗಿಯೇಬಿಟ್ಟರು: “ಅಯ್ಯೋ, ಉರಿ ಸಣ್ಣ ಮಾಡ್ರೀ!”

ಸರೋಜಮ್ಮ ಕಾಗದದಿಂದ ತಲೆ ಎತ್ತಲಿಲ್ಲ. “ಇರ್ರೀ, ಮುಂದಿನ ಲೈನಲ್ಲಿ ಮಾಡ್ತೀನಿ!”

ಮನೆಯೆಲ್ಲ ನಗು. ಎಲ್ಲರಿಗಿಂತ ಜೋರಾಗಿ ನಕ್ಕವರು ಸರೋಜಮ್ಮನೇ. ಕಾಗದ ಮುಖದಿಂದ ಕೆಳಗಿಳಿದಿತ್ತು.

ಕೂಗಿದವರು ಯಾರೆಂದು ನೆನೆದಾಗಲೆಲ್ಲ ನನಗೆ ಬೇರೆ ಬೇರೆ ಮುಖ ಕಾಣುತ್ತದೆ. ನಾನೇ ಕೂಗಿದ್ದರೂ ಕೂಗಿರಬಹುದು. ಆ ಒಬ್ಬಟ್ಟು ಸೀಯಬಾರದು ಎಂದು ನನಗೂ ಅಷ್ಟೇ ಆತಂಕವಾಗಿತ್ತು.