ಮಗ್ಗದ ಮ್ಯಾಲೆ ಒದರಿದ ಪಂಕ್ ಕ್ಲಬ್

ಗಜೇಂದ್ರಗಡದಾಗ ಒಂದು ಕಾಲಕ್ಕ ಪಂಕ್ ಸಂಗೀತದ ಕ್ಲಬ್ ಇತ್ತು ಅಂದ್ರ ನಮ್ಮ ರೇಡಿಯೋ ಆಫೀಸಿನಾಗ ಎಲ್ಲಾರೂ ನಕ್ಕರು. ನಗಲಿ, ಅದರ ಒಂದು ಹಾಡರ ರೆಕಾರ್ಡ್ ಮಾಡಿಕೊಂಡ ಬರ್ತೀನಿ ಅಂತ ಹಟ ಹಿಡಿದು ಹೋದೆ.

ಆ ಕ್ಲಬ್ಬಿನಾಗ ಹಾಡ್ತಿದ್ದ ಶಾಂತಕ್ಕ ಈಗ ಅದ ಜಾಗದಾಗ ಸೀರಿ ನೇಯ್ತಾರ. ನಾನು ಮೈಕ್ ಹಿಡಿದು, "ಅಕ್ಕಾರ, ಮಗ್ಗ ಸ್ವಲ್ಪ ನಿಲ್ಲಸ್ರಿ, ಭಾಳ ಸಪ್ಪಳ ಆಗತೈತಿ" ಅಂದೆ.

"ನಿಲ್ಲಸಂಗಿಲ್ರಿ" ಅಂದ್ರು.

ಎರಡನೇ ಸಲ ಕೇಳಿದೆ. ಮೂರನೇ ಸಲ ಕೈ ಮುಗಿದು ಕೇಳಿದೆ. ಶಾಂತಕ್ಕ ಬ್ಯಾಸರಾಗಿ ಲಾಳಿ ಬದಿಗಿಟ್ಟು, ಹಾಡಾಕ ಬಾಯಿ ತೆರೆದರು. ಒಂದು ಸಾಲೂ ಬರಲಿಲ್ಲ.

"ನೋಡ್ರಿ, ತಾಳನ ಹೋತು. ನಮ್ಮ ಕಡೆ ಡ್ರಮ್ ಇರಲಿಲ್ರಿ, ಗಿಟಾರ್ ಒಂದ. ನಮ್ಮಪ್ಪ ಇಲ್ಲೇ ಕುಂತು ನೇಯ್ತಿದ್ದ. ಎಷ್ಟರ ಒದರ್ರಿ, ಮಗ್ಗ ಮಾತ್ರ ನಿಲ್ಲಂಗಿಲ್ಲ ಅಂತಿದ್ದ. ಅದಕ್ಕ ಮಗ್ಗದ ಮ್ಯಾಲೆ ಒದರಿದ್ವಿ. ಹಂಗ ಒದರೋದಕ್ಕ ಪಂಕ್ ಅಂತಾರಂತ ಆಮ್ಯಾಲೆ ಗೊತ್ತಾತು."

ಲಾಳಿ ಮತ್ತ ಓಡಿತು. ಆ ಕಟಕಟದ ಮ್ಯಾಲೆ ಶಾಂತಕ್ಕ ಹ್ಯಾಂಗ ಹಾಡಿದರಂದ್ರ, ಓಣ್ಯಾಗ ಮಲಗಿದ್ದ ನಾಯಿ ಎದ್ದು ಓಡಿತು.

ಆಫೀಸಿನಾಗ ಎಡಿಟ್ ಮಾಡಾಂವ ಪೂರ್ತಿ ಕೇಳಿ, "ಹಾಡು ಚಲೋ ಐತ್ರಿ. ಹಿಂದಿನ ಸಪ್ಪಳ ಅಷ್ಟ ತೆಗೀಲೇನು?" ಅಂದ.

"ಅದನ್ನ ಮುಟ್ಟಬ್ಯಾಡ" ಅಂದೆ. "ತೆಗೆಯೋದಿದ್ರ, ಮಗ್ಗ ನಿಲ್ಲಸ್ರಿ ಅಂದ ನನ್ನ ಧ್ವನಿ ತೆಗಿ. ಮೂರು ಸಲ ಐತಿ, ಮೂರೂ ತೆಗಿ."