ಸೀಟಿನ ಹಿಂದಿನ ರೇಡಿಯೇಟರ್

ಪುಂಜಾಲಕಟ್ಟೆಯಲ್ಲಿ ನಮ್ಮ ನೆರೆಮನೆಯವರು ಒಬ್ಬ ಮೆಕ್ಯಾನಿಕ್. ಮಾತಾಡುವಾಗ ಕೈಯ ಆಯಿಲನ್ನು ತಲೆಗೂದಲಿಗೇ ಒರೆಸಿಕೊಳ್ತಿದ್ರು. ನಿಮಗೆ ತೆಂಗಿನೆಣ್ಣೆ ಖರ್ಚೇ ಇಲ್ಲ ಅಂತ ನಾನು ನೆಗಾಡ್ತಿದ್ದೆ.

ಅವರ ಅಮ್ಮ ನೆರಿಯದ ಗುಡ್ಡದ ಮೇಲೆ ದೊಡ್ಡ ಮಗನ ಜೊತೆ ಇದ್ರು. ನಡೀಲಿಕ್ಕೆ ಆಗ್ತಿರ್ಲಿಲ್ಲ, ಜೀಪೂ ಅಲ್ಲಿಗೆ ಹತ್ತುದಿಲ್ಲ. ಕಿರಿಮಗನ ಹೊಸ ಮನೆಯಲ್ಲಿ ಒಂದು ಊಟ ಮಾಡ್ಬೇಕು ಅಂತ ಅವರಿಗೆ ಆಸೆ. ಅದಕ್ಕೇ ಇವರು ಪೈಪು ವೆಲ್ಡ್ ಮಾಡಿ, ಹಳೇ ಕಾರಿನ ಎಂಜಿನ್ ಇಟ್ಟು ಗುಡ್ಡ ಹತ್ತುವ ಒಂದು ಸಣ್ಣ ಗಾಡಿ, ಬಗ್ಗಿ ಕಟ್ಟಿದ್ರು.

ಎಂಜಿನ್ನಿನ ನೀರು ತಣಿಸುವ ರೇಡಿಯೇಟರ್ ಮುಂದೆ ಇಟ್ರೆ ಕೆಸರು ತುಂಬ್ತದೆ ಅಂತ ಸೀಟಿನ ಹಿಂದೆ ಇಟ್ರು. ನಾನು ಅವರ ಅಮ್ಮನಷ್ಟೇ ತೂಕ, ಹಾಗಾಗಿ ನೋಡ್ಲಿಕ್ಕೆ ನನ್ನನ್ನೇ ಕೂರಿಸಿದ್ರು.

"ಬೆನ್ನಿಗೆ ಬಿಸಿ ತಾಗ್ತದಾ ಅಕ್ಕ?"

"ದೋಸೆ ಹೊಯ್ಬಹುದು ಮಾರಾಯ್ರೆ!"

ಕೂಡಲೇ ಗಾಳಿ ಹಿಂದಕ್ಕೆ ಹೋಗುವ ಹಾಗೆ ಫ್ಯಾನ್ ತಿರುಗಿಸಿದ್ರು. ಆದ್ರೆ ಏರು ಹತ್ತುವಾಗ ನೀರು ಕುದಿದು ಬಗ್ಗಿ ನಿಂತೇ ಹೋಯ್ತು. ರೇಡಿಯೇಟರ್ ಸಣ್ಣದಾಯ್ತು ಅಂತ ದೊಡ್ಡದು ಹುಡುಕ್ಲಿಕ್ಕೆ ಬೆಳ್ತಂಗಡಿಯ ಗುಜರಿ ಅಂಗಡಿಗೆ ಹೋದ ದಿನವೇ ಅಮ್ಮ ತೀರಿಹೋದ್ರು.

ಅಮ್ಮನ ಉತ್ತರಕ್ರಿಯೆ, ಬೊಜ್ಜದ ಊಟ ಮುಗಿದ ಮೇಲೆ ಅವರು ಗುಜರಿಯಿಂದ ತಂದ ಆ ದೊಡ್ಡ ರೇಡಿಯೇಟರನ್ನೂ ಅದುರದ ಹಾಗೆ ಕೆಳಗೆ ರಬ್ಬರ್ ಇಟ್ಟು ಕೂರಿಸಿದ್ರು.

"ಒಮ್ಮೆ ಹತ್ತಿಸಿ ನೋಡುವ, ಬನ್ನಿ ಅಕ್ಕ" ಅಂದ್ರು. ನಾನು ಹೋಗಿ ಅಮ್ಮನಿಗೆ ಅಂತ ಮಾಡಿದ ಸೀಟಿನಲ್ಲಿ ಕೂತೆ.

ಬಗ್ಗಿ ಎಲ್ಲಿಯೂ ನಿಲ್ಲದೆ ಗುಡ್ಡದ ಮೇಲೆ ಅವರ ಅಣ್ಣನ ಮನೆಯಂಗಳಕ್ಕೆ ಹತ್ತಿತು. ಅತ್ತಿಗೆ ಬೆಲ್ಲ ನೀರು ತಂದ್ರು. ಇವರು ಇಳೀಲೂ ಇಲ್ಲ, ಸ್ಟಿಯರಿಂಗ್ ಬಿಡ್ಲೂ ಇಲ್ಲ.

"ನೋಡಿ ಅತ್ತಿಗೆ, ನೀರು ಕುದೀಲೇ ಇಲ್ಲ" ಅಂದ್ರು.